ಹನುಮ ಎಲ್ಲರವನು, ಆ ಗೆರೆ ಯಾರದ್ದು?

ಇವತ್ತಿನ ಕತೆ ಮಂಡಕಳ್ಳಿಯಲ್ಲಿ ಶುರುವಾಗಿ ಕಾಸರಗೋಡಿಗೆ ಹೋಗುತ್ತೆ, ಅಲ್ಲಿಂದ ಮೈಸೂರು ಅರಮನೆಗೆ ಬರುತ್ತೆ, ಆಮೇಲೆ ನಿಮ್ಮ ಫೋನಿನ ಡೌನ್‌ಲೋಡ್ಸ್ ಫೋಲ್ಡರ್ ಒಳಗೂ ಒಂದು ಸುತ್ತು ಹಾಕುತ್ತೆ.

ಮಂಡಕಳ್ಳಿ ಗೊತ್ತಲ್ಲ, ಮೈಸೂರಿನ ವಿಮಾನ ನಿಲ್ದಾಣ ಇರೋ ಜಾಗ. ಪಕ್ಕದಲ್ಲೇ ನಂಜನಗೂಡು ರಸ್ತೆ. ಶ್ರೀಕಂಠೇಶ್ವರನ ದರ್ಶನಕ್ಕೆ ಹೋಗೋರು, ಗುಂಡ್ಲುಪೇಟೆ ದಾಟಿ ಊಟಿಗೆ ಹೊರಟೋರು, ವಿಮಾನ ಇಳಿದವರನ್ನು ಕರ್ಕೊಂಡು ಹೋಗೋ ಕ್ಯಾಬ್‌ಗಳು, ಎಲ್ಲ ಅದೇ ದಾರಿ. ಅಲ್ಲಿ ಸ್ವಲ್ಪ ಹೊತ್ತು ನಿಂತು ಗಾಡಿಗಳ ಹಿಂದಿನ ಗಾಜು ನೋಡ್ತಾ ಇದ್ರೆ ಒಂದು ಮುಖ ಖಂಡಿತ ಕಾಣುತ್ತೆ. ಕೇಸರಿ ಮತ್ತು ಕಪ್ಪು, ಎರಡೇ ಬಣ್ಣ. ಗಂಟಿಕ್ಕಿದ ಹುಬ್ಬು. ಹನುಮ.

ಈ ಚಿತ್ರವನ್ನು ನೀವು ನೂರಾರು ಸಲ ನೋಡಿದ್ದೀರಿ. ಬರೆದವರು ಯಾರು ಅಂತ ಯಾವತ್ತಾದ್ರೂ ಕೇಳಿದ್ದೀರಾ? ಬಹಳ ಜನಕ್ಕೆ ಇದು ಯಾರೋ ಒಬ್ಬರು ಬರೆದದ್ದು ಅಂತಲೇ ಅನ್ನಿಸಲ್ಲ. ಹುಣಸೆಮರದ ಹಾಗೆ ಅದು ಮೊದಲಿಂದಲೂ ಅಲ್ಲೇ ಇತ್ತು ಅನ್ನೋ ಭಾವನೆ.

ಇರಲಿಲ್ಲ. ಅದು ಹುಟ್ಟಿದ್ದು 2015ರಲ್ಲಿ, ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ. 1956ರ ರಾಜ್ಯ ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿಹೋದರೂ ಕನ್ನಡ, ತುಳು, ಯಕ್ಷಗಾನ ಯಾವುದನ್ನೂ ಬಿಡದ ಸೀಮೆ ಅದು. ಗಣೇಶ ಚೌತಿಯ ಸಮಯ. ಊರಿನ ಹುಡುಗರು ಪ್ರತಿ ವರ್ಷ ಬಾವುಟ ಮಾಡಿಸ್ತಿದ್ರು, ಅದರ ಮೇಲೆ ಓಂ ಇರ್ತಿತ್ತು. ಆ ವರ್ಷ ಬೇರೆ ಏನಾದ್ರೂ ಬೇಕು, ಹನುಮ ಆದ್ರೆ ಚೆನ್ನಾಗಿರುತ್ತೆ ಅಂದ್ರು. ಅವರ ಪರಿಚಯದ ಗ್ರಾಫಿಕ್ ಕಲಾವಿದ ಕರಣ್ ಆಚಾರ್ಯ ಕಂಪ್ಯೂಟರ್ ಮುಂದೆ ಕೂತು ಮಾಡಿಕೊಟ್ಟರು. ಬಾವುಟ ಹಾರಿತು. ಅಷ್ಟಕ್ಕೇ ಮುಗೀಬೇಕಿತ್ತು.

ಮುಗೀಲಿಲ್ಲ. ಬಾವುಟದಿಂದ ವಾಟ್ಸ್ಆಪ್ ಡಿಪಿಗೆ, ಡಿಪಿಯಿಂದ ರೇಡಿಯಂ ಕಟಿಂಗ್ ಅಂಗಡಿಗೆ, ಅಲ್ಲಿಂದ ಬೈಕು, ಆಟೊ, ಲಾರಿ, ಟೀ ಶರ್ಟು, ಮೊಬೈಲ್ ಕವರ್. ಕರಾವಳಿ ದಾಟಿ ಬೆಂಗಳೂರು, ಬೆಂಗಳೂರು ದಾಟಿ ದೆಹಲಿ. 2018ರ ವಿಧಾನಸಭಾ ಚುನಾವಣೆ ಹೊತ್ತಿಗೆ ಮಂಗಳೂರಿನ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಈ ಕಲಾವಿದನ ಹೆಸರು ಹೇಳಿ ಹೊಗಳಿದರು. ಅದೇ ದಿನಗಳಲ್ಲಿ ಈ ಚಿತ್ರ ಆಕ್ರಮಣಶೀಲತೆಯ ಗುರುತಾ ಅಂತ ಟೀವಿಯಲ್ಲಿ, ಟ್ವಿಟರ್‌ನಲ್ಲಿ ಜೋರು ಜಗಳವೂ ನಡೀತು. ಜನ ಅದಕ್ಕೆ 'ಆಂಗ್ರಿ ಹನುಮಾನ್' ಅಂತ ಹೆಸರಿಟ್ಟರು. ಬರೆದವರು ಮಾತ್ರ, ನಾನು ಕೋಪ ಬರೆದಿಲ್ಲ, ಗತ್ತು ಬರೆದೆ ಅನ್ನೋ ಅರ್ಥದ ಮಾತು ಹೇಳ್ತಾ ಬಂದರು. ಇಷ್ಟೆಲ್ಲ ಸ್ಟಿಕ್ಕರ್ ಮಾರಾಟದಿಂದ ತನಗೆ ಹಣ ಬಂದಿಲ್ಲ ಅಂತಲೂ ಹೇಳಿದರು.

ರಾಜಕೀಯದ ಜಗಳ ಇವತ್ತು ನಮ್ಮ ವಿಷಯ ಅಲ್ಲ. ನನ್ನ ಕುತೂಹಲ ಆ ರೇಡಿಯಂ ಅಂಗಡಿ ಬಗ್ಗೆ. ಆ ಚಿತ್ರ ಅಷ್ಟು ಬೇಗ ಓಡಿದ್ದಕ್ಕೆ ಭಕ್ತಿಯ ಜೊತೆ ಒಂದು ತಾಂತ್ರಿಕ ಕಾರಣವೂ ಇದೆ ಅಂತ ನನಗನ್ನಿಸುತ್ತೆ. ಅದು ವೆಕ್ಟರ್ ಚಿತ್ರ. ಅಂದ್ರೆ ಫೋಟೊ ಥರ ಚುಕ್ಕಿಗಳ ರಾಶಿ ಅಲ್ಲ, ಗೆರೆ ಎಲ್ಲಿ ಶುರು, ಎಲ್ಲಿ ತಿರುವು ಅನ್ನೋ ಲೆಕ್ಕ. ಎಷ್ಟು ಹಿಗ್ಗಿಸಿದ್ರೂ ಒಡೆಯಲ್ಲ. ಎರಡೇ ಬಣ್ಣ ಬೇರೆ. ಕಟಿಂಗ್ ಮಶೀನಿಗೆ ಕೊಟ್ರೆ ವಿನೈಲ್ ಹಾಳೆಯನ್ನು ಸಲೀಸಾಗಿ ಕತ್ತರಿಸಿಕೊಡುತ್ತೆ. ಮೂಲ ಫೈಲು ಸಿಗದಿದ್ರೂ ಒಂದು ಜೆಪೆಗ್ ಇಟ್ಕೊಂಡು ಯಾರು ಬೇಕಾದ್ರೂ ಗೆರೆಗಳನ್ನು ಟ್ರೇಸ್ ಮಾಡ್ಕೋಬಹುದು. ನಕಲು ಮಾಡೋಕೆ ಇಷ್ಟು ಒಗ್ಗುವ ಚಿತ್ರ ಸಿಗೋದು ಕಷ್ಟ.

ಹಾಗಾದ್ರೆ ಕಾನೂನು ಏನು ಹೇಳುತ್ತೆ? ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಅದರ ಪ್ರಕಾರ ಚಿತ್ರ ಬರೆದು ಮುಗಿಸಿದ ಕ್ಷಣಕ್ಕೇ ಹಕ್ಕು ಹುಟ್ಟುತ್ತೆ. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ವಾಟರ್‌ಮಾರ್ಕ್ ಹಾಕಬೇಕು, ವೃತ್ತದೊಳಗೆ ಸಿ ಗುರುತು ಹಾಕಬೇಕು ಅಂತಲೂ ಇಲ್ಲ. ನೋಂದಣಿ ಇದ್ರೆ ಮುಂದೆ ಜಗಳ ಬಂದಾಗ ಸಾಕ್ಷಿಗೆ ಅನುಕೂಲ, ಅಷ್ಟೇ. ಚಿತ್ರ ಕಲಾತ್ಮಕವಾಗಿ ಶ್ರೇಷ್ಠವೋ ಸಾಧಾರಣವೋ ಅನ್ನೋದೂ ಲೆಕ್ಕಕ್ಕಿಲ್ಲ. ಕಲಾವಿದ ಬದುಕಿರೋವರೆಗೆ, ಆಮೇಲೆ ಇನ್ನೂ 60 ವರ್ಷ ಆ ಹಕ್ಕು ಇರುತ್ತೆ. ಮೊದಲು ಇದು 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಹಕ್ಕು 1991ರ ಕೊನೆಗೆ ಮುಗಿಯೋದಿತ್ತು. ಆ ಸಂದರ್ಭದಲ್ಲೇ ಕೇಂದ್ರ ಸರ್ಕಾರ ಇನ್ನೂ 10 ವರ್ಷ ಸೇರಿಸಿತು.

ಇಲ್ಲಿ ನೀವು ಕೇಳಬಹುದು: ಹನುಮನಿಗೆ ಯಾರ ಹಕ್ಕು? ಯಾರದ್ದೂ ಇಲ್ಲ. ರಾಮಾಯಣ ಎಲ್ಲರದ್ದು, ಗದೆ ಎಲ್ಲರದ್ದು, ಬಾಲ ಎಲ್ಲರದ್ದು. ಹನುಮನನ್ನು ಗತ್ತಿನಿಂದ ಬರೀಬೇಕು ಅನ್ನೋ ಯೋಚನೆಗೂ ಹಕ್ಕಿಲ್ಲ. ನಾಳೆ ನೀವೂ ಬರೀಬಹುದು. ಹಕ್ಕಿರೋದು ಆ ನಿರ್ದಿಷ್ಟ ಹುಬ್ಬಿಗೆ, ಆ ನಿರ್ದಿಷ್ಟ ನೆರಳಿಗೆ. 1978ರಲ್ಲಿ ಆರ್.ಜಿ. ಆನಂದ್ ಅನ್ನೋ ನಾಟಕಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತ್ತು. ವಸ್ತುವಿಗೆ ಯಾರೂ ಒಡೆಯರಲ್ಲ. ಆದರೆ ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಇದು ಅದರ ನಕಲೇ ಅಂತ ನಿಸ್ಸಂಶಯವಾಗಿ ಅನ್ನಿಸಿದ್ರೆ, ಅದು ನಕಲು. ಡಿಸೈನ್ ಮಾಡೋರ ನಡುವೆ ಒಂದು ನಂಬಿಕೆ ಓಡಾಡುತ್ತೆ, 20 ಪರ್ಸೆಂಟ್ ಬದಲಾಯಿಸಿದ್ರೆ ಕೇಸ್ ಆಗಲ್ಲ, ಬಣ್ಣ ತಿರುಗಿಸಿದ್ರೆ ಸಾಕು ಅಂತ. ಆ 20 ಪರ್ಸೆಂಟ್ ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕೇಸರಿ ತೆಗೆದು ಕೆಂಪು ಹಾಕಿದ, ಕಣ್ಣಲ್ಲಿ ಬೆಂಕಿ ಇಟ್ಟ ಹನುಮನೂ ಮೂಲ ಗೆರೆಯ ರೂಪಾಂತರವೇ. ರೂಪಾಂತರದ ಹಕ್ಕೂ ಕಲಾವಿದರದ್ದೇ.

ಒಂದು ಅಡ್ಡ ಮಾತು. ಕುಂಬಳೆಗೆ ಇಂಥ ವಿವಾದ ಹೊಸದಲ್ಲ. ಯಕ್ಷಗಾನದ ಪಿತಾಮಹ ಅಂತ ಕರೆಸಿಕೊಳ್ಳೋ ಪಾರ್ತಿಸುಬ್ಬನೂ ಅದೇ ಊರಿನವನು. ಅವನ ಹೆಸರಲ್ಲಿರೋ ರಾಮಾಯಣದ ಪ್ರಸಂಗಗಳು ನಿಜಕ್ಕೂ ಅವನದ್ದೇನಾ ಅಂತ ಶಿವರಾಮ ಕಾರಂತರು ಅನುಮಾನ ಎತ್ತಿದ್ರು. ಅವನದ್ದೇ ಅಂತ ಕುಕ್ಕಿಲ ಕೃಷ್ಣ ಭಟ್ಟರು ವಾದ ಹೂಡಿದ್ರು. ಅಲ್ಲಿ ಜಗಳ ದುಡ್ಡಿಗಲ್ಲ, ಹೆಸರಿಗೆ. ನಮ್ಮ ಕಾಯ್ದೆಯ 57ನೇ ಸೆಕ್ಷನ್ ಕಾಪಾಡೋದೂ ಅದನ್ನೇ: ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಅಂತ ಹೇಳಿಕೊಳ್ಳೋ ಅಧಿಕಾರ ಬರೆದವರ ಹತ್ತಿರವೇ ಉಳಿಯುತ್ತೆ.

ಸರಿ, ಈಗ ಮೈಸೂರಿಗೆ. ಚಿತ್ರ ಕಂಡ ಕೂಡಲೇ ಎತ್ಕೊಳ್ಳೋ ಈ ಸಲುಗೆ ನಮಗೆ ಎಲ್ಲಿಂದ ಬಂತು? ಮೊಬೈಲ್ ಮೇಲೆ ಮಾತ್ರ ತಪ್ಪು ಹೊರಿಸೋಕಾಗಲ್ಲ. 19ನೇ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ 'ಶ್ರೀತತ್ತ್ವನಿಧಿ' ಅನ್ನೋ ದೊಡ್ಡ ಚಿತ್ರಗ್ರಂಥ ತಯಾರಾಯಿತು. ಒಂಬತ್ತು ನಿಧಿಗಳು, ಅಂದ್ರೆ ಒಂಬತ್ತು ಭಾಗ. ಯಾವ ದೇವರಿಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು, ವಾಹನ ಯಾವುದು, ಎಲ್ಲ ಶ್ಲೋಕ ಸಮೇತ, ಚಿತ್ರ ಸಮೇತ. ಅದರ ಒಂದು ಭಾಗದಲ್ಲಿ 122 ಯೋಗಾಸನಗಳ ಚಿತ್ರಗಳಿವೆ. 1996ರಲ್ಲಿ ನಾರ್ಮನ್ ಸ್ಯೋಮನ್ ಅನ್ನೋ ವಿದ್ವಾಂಸರು ಅವನ್ನು ಪುಸ್ತಕವಾಗಿ ತಂದ ಮೇಲೆ ಪ್ರಪಂಚದ ಯೋಗದ ಇತಿಹಾಸಕಾರರೆಲ್ಲ ಮೈಸೂರಿನ ಕಡೆ ತಿರುಗಿ ನೋಡಿದ್ರು.

ನನ್ನ ಲೆಕ್ಕದಲ್ಲಿ ಶ್ರೀತತ್ತ್ವನಿಧಿ ನಮ್ಮ ಸೀಮೆಯ ಮೊದಲ ದೊಡ್ಡ ಇಮೇಜ್ ಬ್ಯಾಂಕ್. ಇಂಥ ಪಡಿಯಚ್ಚುಗಳು ಇರೋದೇ ನೋಡಿ ಬರೆಯೋಕೆ. ದೇವರ ಲಕ್ಷಣ ತಪ್ಪದ ಹಾಗೆ ಹಿಂದಿನವರನ್ನು ಅನುಸರಿಸೋದು ಅಲ್ಲಿ ಕಳ್ಳತನ ಅಲ್ಲ, ವಿದ್ಯೆ. ಗ್ರಂಥ ಅರಸರ ಹೆಸರಲ್ಲಿದೆ. ಕುಂಚ ಹಿಡಿದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆದರೆ ಒಂದು ವಿಷಯ ಮರೀಬಾರದು. ಆ ಚಿತ್ರಕಾರರಿಗೆ ಆಸ್ಥಾನ ಅನ್ನ ಹಾಕ್ತಿತ್ತು. ಒಂದೊಂದು ನಕಲಿಗೂ ದುಡ್ಡು ಎಣಿಸೋ ಅಗತ್ಯ ಇರಲಿಲ್ಲ. ಇವತ್ತಿನ ಗ್ರಾಫಿಕ್ ಕಲಾವಿದರಿಗೆ ಆಸ್ಥಾನ ಇಲ್ಲ, ಇಎಂಐ ಇದೆ. ಹಳೇ ಸಲುಗೆಯನ್ನು ಉಳಿಸಿಕೊಂಡು, ಹಳೇ ಆಶ್ರಯವನ್ನು ಮಾತ್ರ ಕೈಬಿಟ್ಟಿದ್ದೀವಿ.

ಚಿತ್ರ ಸರಕಾಗಿದ್ದು ಅಚ್ಚಿನ ಯಂತ್ರ ಬಂದ ಮೇಲೆ. ಜಗನ್ಮೋಹನ ಅರಮನೆಗೆ ಹೋದವರು ರಾಜಾ ರವಿವರ್ಮನ ಮೂಲ ಚಿತ್ರಗಳನ್ನು ನೋಡಿರ್ತೀರಿ. ಅವನು 1894ರಲ್ಲಿ ಬೊಂಬಾಯಿಯಲ್ಲಿ ಪ್ರೆಸ್ ಶುರುಮಾಡಿ ಲಕ್ಷ್ಮಿ, ಸರಸ್ವತಿಯರನ್ನು ಅಗ್ಗದ ಬಣ್ಣದ ಅಚ್ಚುಗಳಾಗಿ ಮನೆಮನೆಗೆ ಕಳಿಸಿದ. ಸಾಲ ಹೆಚ್ಚಾಗಿ ಕೊನೆಗೆ ಪ್ರೆಸ್ಸನ್ನು ಜರ್ಮನಿಯ ಫ್ರಿಟ್ಸ್ ಶ್ಲೈಷರ್‌ಗೆ ಮಾರಿದ. ಯಂತ್ರದ ಜೊತೆ ಹಲವು ಚಿತ್ರಗಳನ್ನು ಅಚ್ಚು ಹಾಕೋ ಹಕ್ಕೂ ಹೋಯಿತು. ಕ್ಯಾನ್ವಾಸ್ ಒಬ್ಬರ ಗೋಡೆ ಮೇಲೆ, ನಕಲು ಮಾಡೋ ಹಕ್ಕು ಇನ್ನೊಬ್ಬರ ಪೆಟ್ಟಿಗೆಯಲ್ಲಿ. ರವಿವರ್ಮ 1906ರಲ್ಲಿ ತೀರಿಕೊಂಡ. ಅವನ ಚಿತ್ರಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ, ಈಗ ನೀವು ಧಾರಾಳವಾಗಿ ಬಳಸಬಹುದು.

ಅತ್ತ ಅಮೆರಿಕದಲ್ಲಿ ಇದೇ ಹಕ್ಕನ್ನು ಬಾಡಿಗೆಗೆ ಕೊಡೋ ವ್ಯಾಪಾರ ಬೆಳೀತು. 1930ರ ದಶಕದಲ್ಲಿ ಒಟ್ಟೊ ಬೆಟ್‌ಮನ್ ಅನ್ನೋ ಯಹೂದಿ ಗ್ರಂಥಪಾಲಕ ಹಿಟ್ಲರನ ಜರ್ಮನಿಯಿಂದ ಪೆಟ್ಟಿಗೆಗಟ್ಟಲೆ ಚಿತ್ರಗಳೊಂದಿಗೆ ನ್ಯೂಯಾರ್ಕಿಗೆ ಬಂದು ಚಿತ್ರಗಳ ಬಾಡಿಗೆ ಅಂಗಡಿ ತೆರೆದ. 2000ದಲ್ಲಿ ಕೆನಡಾದ ಐಸ್ಟಾಕ್‌ಫೋಟೊ, 2003ರಲ್ಲಿ ಶಟರ್‌ಸ್ಟಾಕ್ ಬಂದವು. ಈಗ ಮೈಸೂರಲ್ಲಿ ಕೂತು ಚಾಮುಂಡಿ ಬೆಟ್ಟದ ಫೋಟೊ ಅಪ್‌ಲೋಡ್ ಮಾಡಿದ್ರೆ ಬರ್ಲಿನ್‌ನಲ್ಲಿ ಯಾರೋ ಕೊಂಡುಕೊಳ್ಳಬಹುದು. ಇಲ್ಲೇ 'ರಾಯಲ್ಟಿ ಫ್ರೀ' ಅನ್ನೋ ಪದ ಚಾಲ್ತಿಗೆ ಬಂದು ಎಲ್ಲರ ದಾರಿ ತಪ್ಪಿಸಿದ್ದು. ಅದರಲ್ಲಿ 'ಫ್ರೀ' ಅಂದ್ರೆ ಪುಕ್ಕಟೆ ಅಲ್ಲ. ಒಂದು ಸಲ ದುಡ್ಡು ಕೊಡಿ, ಆಮೇಲೆ ಬಳಸಿದಾಗಲೆಲ್ಲ ಮತ್ತೆ ಮತ್ತೆ ಕೊಡಬೇಕಿಲ್ಲ ಅಂತ ಅರ್ಥ. ಅದೂ ಅವರ ಷರತ್ತಿನೊಳಗೆ.

ಈಗ ನಿಮ್ಮ ಲ್ಯಾಪ್‌ಟಾಪ್ ತೆಗೀರಿ. ಕಾಲೇಜಿನ ದಸರಾ ಕಾರ್ಯಕ್ರಮಕ್ಕೆ ಪೋಸ್ಟರ್ ಮಾಡ್ತಿದ್ದೀರಿ ಅಂತಿಟ್ಕೊಳ್ಳಿ. ಹಿಂದೆ ದೀಪಾಲಂಕಾರದ ಅರಮನೆ. ಮುಂದೆ ಅಂಬಾರಿ ಹೊತ್ತ ಆನೆ. ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರ. ಅಂಚಿಗೆ ಹೂವಿನ ಬಳ್ಳಿ. ಒಂದೇ ಚಿತ್ರ ಅಂತ ಕಾಣುತ್ತೆ, ಆದರೆ ಒಳಗೆ ನಾಲ್ಕು ಜನ ಮಾಲೀಕರು ಕೂತಿದ್ದಾರೆ.

ಅರಮನೆ ಕಟ್ಟಡದ ಫೋಟೊ ತೆಗೆಯೋದು ಕೃತಿಸ್ವಾಮ್ಯದ ಉಲ್ಲಂಘನೆ ಅಲ್ಲ, ಕಾಯ್ದೆಯ 52ನೇ ಸೆಕ್ಷನ್ನಿನಲ್ಲೇ ಕಟ್ಟಡಗಳಿಗೆ ಆ ವಿನಾಯಿತಿ ಇದೆ. ಆದರೆ ಬೇರೆಯವರು ತೆಗೆದ ಫೋಟೊ ಅವರದ್ದು. ವಿಕಿಮೀಡಿಯಾ ಕಾಮನ್ಸ್‌ನಿಂದ ತಗೊಂಡ್ರಾ? ಅಲ್ಲಿನ ಬಹಳಷ್ಟು ಫೋಟೊಗಳು ಕ್ರಿಯೇಟಿವ್ ಕಾಮನ್ಸ್‌ನ 'ಬಿವೈ ಎಸ್ಎ' ಪರವಾನಗಿಯಲ್ಲಿರುತ್ತವೆ. 'ಬಿವೈ' ಅಂದ್ರೆ ತೆಗೆದವರ ಹೆಸರು ಹಾಕಬೇಕು. 'ಎಸ್ಎ' ಅಂದ್ರೆ ಅದನ್ನು ಬಳಸಿ ನೀವು ಮಾಡಿದ ಹೊಸ ರೂಪವನ್ನೂ ಅದೇ ಷರತ್ತಿನಲ್ಲಿ ಎಲ್ಲರಿಗೂ ಬಿಟ್ಟುಕೊಡಬೇಕು. ಪೋಸ್ಟರ್ ಮೂಲೆಯಲ್ಲಿ ಹೆಸರು, ಪರವಾನಗಿ ಹಾಕಿದ್ರೆ ನಡೆಯುತ್ತೆ. ಅದೇ ಚಿತ್ರವನ್ನು ಸ್ಟಾಕ್ ತಾಣಕ್ಕೆ ಹಾಕೋಕೆ ಹೋದ್ರೆ ಸಿಕ್ಕಿಹಾಕ್ಕೊಳ್ತೀರಿ, ಯಾಕಂದ್ರೆ ಅವರ ಷರತ್ತೂ ಈ ಷರತ್ತೂ ಒಂದಕ್ಕೊಂದು ಹೊಂದಲ್ಲ.

ಆನೆ ಎಲ್ಲಿಂದ ಬಂತು? 'ಫ್ರೀ ಪಿಎನ್‌ಜಿ' ಅಂತ ಹುಡುಕಿ ಸಿಕ್ಕಿದ ಯಾವುದೋ ತಾಣದಿಂದ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಅಪಾಯದ ಪದರ. ಯಾರೋ ಪತ್ರಿಕಾ ಛಾಯಾಗ್ರಾಹಕರು ಜಂಬೂ ಸವಾರಿ ದಿನ ಬಿಸಿಲಲ್ಲಿ ನಿಂತು ತೆಗೆದ ಫೋಟೊದ ಹಿನ್ನೆಲೆ ಕತ್ತರಿಸಿ ಇನ್ಯಾರೋ ಏರಿಸಿರಬಹುದು. ಏರಿಸಿದವನಿಗೇ ಹಕ್ಕಿಲ್ಲದಿದ್ರೆ ಅವನು ನಿಮಗೆ ಕೊಟ್ಟ 'ಫ್ರೀ' ಅನ್ನೋ ಮಾತಿಗೆ ಬೆಲೆ ಏನು? ಬೇರೆಯವರ ಗದ್ದೆಯನ್ನು ಗುತ್ತಿಗೆಗೆ ಕೊಟ್ಟ ಹಾಗೆ.

ಅಕ್ಷರಕ್ಕೆ ಬನ್ನಿ. ಫಾಂಟ್ ಕೂಡ ಪರವಾನಗಿ ಇರೋ ವಸ್ತುವೇ. ಕನ್ನಡದ ಮಟ್ಟಿಗೆ ನಾವು ಅದೃಷ್ಟವಂತರು. ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ, ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಪೋಸ್ಟರ್, ಪುಸ್ತಕ, ಟೀ ಶರ್ಟ್, ಯಾವುದಕ್ಕೆ ಬೇಕಾದ್ರೂ ಹಾಕಿ, ದುಡ್ಡೂ ಮಾಡಿ. ಫಾಂಟ್ ಫೈಲನ್ನೇ ಪ್ರತ್ಯೇಕವಾಗಿ ಮಾರೋ ಹಾಗಿಲ್ಲ, ಅಷ್ಟೇ. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಹೆಸರಿಲ್ಲದ ಫಾಂಟ್‌ಗೆ ಈ ಭರವಸೆ ಇಲ್ಲ.

ಹೂವಿನ ಬಳ್ಳಿ ದುಡ್ಡು ಕೊಟ್ಟು ಕೊಂಡ ಬ್ರಷ್ ಪ್ಯಾಕ್‌ನದ್ದು ಅನ್ನೋಣ. ಕೊಂಡಿದ್ದೀನಲ್ಲ, ಇನ್ನೇನು? ಇಲ್ಲೇ ತೊಡಕು. ಕೊಂಡಿದ್ದು ಬಳಸೋ ಅನುಮತಿ, ಬಳ್ಳಿಯನ್ನಲ್ಲ. ಒರಟು ಗೆರೆ ಎಳೆಯೋ ಬ್ರಷ್ ಆದ್ರೆ ಯಾರೂ ತಕರಾರು ಮಾಡಲ್ಲ. ಒಂದೇ ಒತ್ತಿಗೆ ಇಡೀ ಹೂವು ಮೂಡಿಸೋ ಬ್ರಷ್ ಇರುತ್ತಲ್ಲ, ಅದು ಬೇರೆಯವರ ಚಿತ್ರವೇ. ತ್ರೀಡಿ ಮಾದರಿಗಳ ಕತೆಯೂ ಹೀಗೇ. ಕೆಲವು ಪರವಾನಗಿಗಳು ರೆಂಡರ್ ಮಾಡಿದ ಚಿತ್ರ ಮಾರೋಕೆ ಬಿಡ್ತವೆ, ಕೆಲವು 'ಸುದ್ದಿಗೆ ಮಾತ್ರ' ಅನ್ನುತ್ತವೆ. ಕ್ಯಾನ್ವಾ ಟೆಂಪ್ಲೇಟ್‌ನಲ್ಲಿ ಮದುವೆ ಕಾರ್ಡ್ ಮಾಡಿ ಹಂಚಬಹುದು, ಅದರೊಳಗಿನ ಚಿತ್ರವನ್ನು ಎತ್ತಿ ಸ್ಟಾಕ್ ತಾಣದಲ್ಲಿ ಮಾರೋ ಹಾಗಿಲ್ಲ. ಸ್ಟಾಕ್ ತಾಣಕ್ಕೆ ಏನಾದ್ರೂ ಏರಿಸುವಾಗ ನೀವು ಒಂದು ಘೋಷಣೆಗೆ ಒಪ್ಪಿಗೆ ಕೊಟ್ಟಿರ್ತೀರಿ, ಇದರಲ್ಲಿರೋದಕ್ಕೆಲ್ಲ ಹಕ್ಕು ನನ್ನದು ಅಂತ. ನಾಳೆ ಬಳ್ಳಿಯ ಮಾಲೀಕರು ಬಂದ್ರೆ ಉತ್ತರ ಕೊಡಬೇಕಾದವರು ನೀವು.

ಷರತ್ತುಗಳು ಕಾಲಕ್ಕೆ ತಕ್ಕಂತೆ ಬದಲಾಗೋದೂ ಉಂಟು. ಅನ್‌ಸ್ಪ್ಲಾಶ್ 2017ರ ತನಕ, ಪಿಕ್ಸಾಬೇ 2019ರ ಶುರುವಿನ ತನಕ ತಮ್ಮ ಫೋಟೊಗಳನ್ನು 'ಸಿಸಿ ಜೀರೊ' ಅಡಿ, ಅಂದ್ರೆ ಎಲ್ಲ ಹಕ್ಕು ಬಿಟ್ಟುಕೊಟ್ಟು ಹಂಚುತ್ತಿದ್ದವು. ಆಮೇಲೆ ಎರಡೂ ತಮ್ಮದೇ ಪರವಾನಗಿ ತಂದವು. ಬಳಕೆ ಈಗಲೂ ಉಚಿತ, ಆದರೆ ಹಾಗ್ಹಾಗೇ ಮಾರೋದಕ್ಕೆ ತಡೆ ಇದೆ. ಆದ್ದರಿಂದ ಡೌನ್‌ಲೋಡ್ ಮಾಡಿದ ದಿನವೇ ಆ ಪರವಾನಗಿ ಪುಟದ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋಲ್ಡರ್‌ನಲ್ಲಿ ಇಟ್ಟುಬಿಡಿ. ಎರಡು ಸೆಕೆಂಡಿನ ಕೆಲಸ.

ಹಕ್ಕು ಪೂರ್ತಿ ಬಿಟ್ಟುಕೊಟ್ಟರೆ ಏನಾಗುತ್ತೆ ಅನ್ನೋದಕ್ಕೂ ಒಂದು ವಿಚಿತ್ರ ಉದಾಹರಣೆ ಇದೆ. ಅಮೆರಿಕದ ಛಾಯಾಗ್ರಾಹಕಿ ಕ್ಯಾರೊಲ್ ಹೈಸ್ಮಿತ್ ತಮ್ಮ ಸಾವಿರಾರು ಫೋಟೊಗಳನ್ನು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಮೂಲಕ ಸಾರ್ವಜನಿಕರಿಗೆ ಕೊಟ್ಟಿದ್ರು. ಅವರದೇ ವೆಬ್‌ಸೈಟಿನಲ್ಲಿ ಅವರದೇ ಫೋಟೊ ಬಳಸಿದ್ದಕ್ಕೆ 120 ಡಾಲರ್ ಕಟ್ಟಿ ಅಂತ ಅವರಿಗೇ ಪತ್ರ ಬಂತು! ಗೆಟ್ಟಿ ಇಮೇಜಸ್ ಆ ಫೋಟೊಗಳನ್ನು ಮಾರಾಟಕ್ಕಿಟ್ಟಿತ್ತು. 2016ರಲ್ಲಿ ಅವರು ಕೇಸ್ ಹಾಕಿದ್ರು. ಕೃತಿಸ್ವಾಮ್ಯದ ವಾದ ಕೋರ್ಟಲ್ಲಿ ನಿಲ್ಲಲಿಲ್ಲ, ಯಾಕಂದ್ರೆ ಹಕ್ಕನ್ನು ಅವರು ಆಗಲೇ ಬಿಟ್ಟುಕೊಟ್ಟಾಗಿತ್ತು.

ಇದೆಲ್ಲ ವಿದೇಶದ ಸಮಾಚಾರ, ನಮ್ಮೂರಲ್ಲಿ ಯಾರು ಕೇಳ್ತಾರೆ ಅನ್ನೋರಿಗೆ 2022ರ ನವೆಂಬರ್ ನೆನಪಿಸ್ತೀನಿ. ಭಾರತ್ ಜೋಡೊ ಯಾತ್ರೆಯ ಪ್ರಚಾರದ ವಿಡಿಯೊಗೆ 'ಕೆಜಿಎಫ್ ಚಾಪ್ಟರ್ 2' ಹಿಂದಿ ಅವತರಣಿಕೆಯ ಹಾಡು ಬಳಸಿದ್ದಾರೆ ಅಂತ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ಕೋರ್ಟಿಗೆ ಹೋಯಿತು. ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯೋಕೆ ಹೇಳಿತು. ಮರುದಿನ ಹೈಕೋರ್ಟ್ ಆ ಆದೇಶ ರದ್ದು ಮಾಡಿತು, ಆದರೆ ಆ ವಿಡಿಯೊ ಪೋಸ್ಟ್‌ಗಳನ್ನು ತೆಗೀಬೇಕು ಅನ್ನೋ ಷರತ್ತಿನ ಮೇಲೆ. ಕ್ರಿಮಿನಲ್ ದೂರು ಬೇರೆ ಇತ್ತು. ಅದನ್ನು ರದ್ದು ಮಾಡೋಕೆ 2023ರ ಜೂನ್‌ನಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ದೊಡ್ಡ ಪಕ್ಷ, ದೊಡ್ಡ ವಕೀಲರು, ಆದರೂ ಓಡಾಟ ತಪ್ಪಲಿಲ್ಲ. ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ ಗೊತ್ತಿದ್ದೂ ಉಲ್ಲಂಘಿಸಿದ್ರೆ 6 ತಿಂಗಳಿಂದ 3 ವರ್ಷದ ತನಕ ಜೈಲು, 50 ಸಾವಿರದಿಂದ 2 ಲಕ್ಷದ ತನಕ ದಂಡ ಇದೆ. ವ್ಯಾಪಾರದ ಲಾಭಕ್ಕಲ್ಲದಿದ್ರೆ ನ್ಯಾಯಾಲಯ ಕಡಿಮೆ ಮಾಡಬಹುದು.

ಹೆದರಿಸೋಕೆ ಹೇಳ್ತಿಲ್ಲ. ಗಾಡಿ ಗಾಜಿಗೆ ಒಂದು ಸ್ಟಿಕ್ಕರ್ ಅಂಟಿಸಿಕೊಂಡ ಡ್ರೈವರ್ ಅಣ್ಣನನ್ನು ಯಾರೂ ಜೈಲಿಗೆ ಹಾಕಲ್ಲ, ಹಾಕಲೂಬಾರದು. ಅವರು ದುಡ್ಡು ಕೊಟ್ಟೇ ಕೊಂಡಿರ್ತಾರೆ. ಲೆಕ್ಕ ಕೇಳಬೇಕಾದ್ದು ಅದನ್ನು ಕಟ್ಟುಗಟ್ಟಲೆ ಅಚ್ಚು ಹಾಕಿ ಮಾರಿದವರನ್ನು. ಅವರ ಹತ್ತಿರ ಏನು ಇರಬೇಕಿತ್ತು? ಒಂದು ಕಾಗದ. ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪರವಾನಗಿ ಬರಹದಲ್ಲಿರಬೇಕು. ಹಕ್ಕನ್ನೇ ವರ್ಗಾಯಿಸೋದಾದ್ರೆ 19ನೇ ಸೆಕ್ಷನ್ ನೋಡಿ: ಬರಹದಲ್ಲಿರಬೇಕು, ಸಹಿ ಇರಬೇಕು, ಎಷ್ಟು ವರ್ಷ ಅಂತ ಬರೆಯದಿದ್ರೆ 5 ವರ್ಷ ಅಂತಲೇ ಲೆಕ್ಕ. ನೀವು ಕಲಾವಿದರಾದ್ರೆ ಈ 5 ವರ್ಷದ ಮಾತು ಚೆನ್ನಾಗಿ ನೆನಪಿಟ್ಕೊಳ್ಳಿ. ಅವಧಿ ಬರೆಯದ ಒಪ್ಪಂದಕ್ಕೆ ಸಹಿ ಹಾಕಿಬಿಟ್ಟೆ, ನನ್ನ ಚಿತ್ರ ಜೀವನಪೂರ್ತಿ ಹೋಯಿತು ಅಂತ ಕೂರಬೇಕಿಲ್ಲ.

2015ರಿಂದ ಇಲ್ಲಿಯ ತನಕ ಆ ಕೇಸರಿ ಹನುಮನನ್ನು ಬಳಸಿದವರಲ್ಲಿ ಕಲಾವಿದನನ್ನು ಕೇಳಿ, ಅವರ ಕೈಯಿಂದಲೇ ಪಡೆದು, ಯಾವುದಕ್ಕೆ ಬೇಕು ಅಂತ ಮೊದಲೇ ಹೇಳಿ ಬಳಸಿದವರು ಅಂತ ನಾವು ಖಚಿತವಾಗಿ ಬೊಟ್ಟು ಮಾಡಿ ತೋರಿಸಬಹುದಾದವರು ಚೌತಿಗೆ ಬಾವುಟ ಮಾಡಿಸಿದ ಕುಂಬಳೆಯ ಆ ಹುಡುಗರು.